ಕಷ್ಟದ ಗಣಿತ, ಗಟ್ಟಿ ಗಣಿತ

ನೆರೂಳಿನಲ್ಲಿರುವ ನನ್ನ ಅಕ್ಕ ಹೋದ ವರ್ಷ ಒಂದು ರಾತ್ರಿ ಹತ್ತೂವರೆಗೆ ಫೋನ್ ಮಾಡಿದಳು. ಆ ಹೊತ್ತಿನ ಫೋನು ನಮ್ಮ ಮನೆಯಲ್ಲಿ ಊರಿನ ಕೆಟ್ಟ ಸುದ್ದಿಗೆ ಮೀಸಲು. ಎದೆ ಝಲ್ಲೆಂದಿತು. ವಿಷಯ ನೋಡಿದರೆ, ಮಗಳು ಗಣಿತದಲ್ಲಿ 80ಕ್ಕೆ 77 ತೆಗೆದಿದ್ದಾಳೆ!

‘ಅದನ್ನು ಹೇಳಲಿಕ್ಕೆ ಇಷ್ಟು ಹೊತ್ತಿಗೆ ಫೋನಾ?’ ಎಂದೆ.

‘ಓದದೆ ತೆಗೆದಿದ್ದಾಳೆ ಮಾರಾಯ. ಪುಸ್ತಕ ಮುಟ್ಟಿದ್ದು ನಾನು ನೋಡಿಲ್ಲ. ಕೇಳಿದರೆ ತುಂಬಾ ಸುಲಭ ಇತ್ತಮ್ಮ ಅನ್ನುತ್ತಾಳೆ. ಇಷ್ಟು ಸುಲಭ ಇದ್ದರೆ ಶಾಲೆಯಲ್ಲಿ ಕಲಿಸುವುದಾದರೂ ಏನು?’

ಹಿನ್ನೆಲೆ ಹೀಗೆ. ಅವರದೇ ಕಟ್ಟಡದ ಇನ್ನೊಬ್ಬ ಹುಡುಗ ಠಾಣೆಯ ಕೋಚಿಂಗ್ ಕ್ಲಾಸಿಗೆ ಹೋಗುತ್ತಾನೆ. ಹತ್ತನೆಯಲ್ಲಿದ್ದುಕೊಂಡೇ ಹನ್ನೊಂದನೆಯ ಲೆಕ್ಕ ಮಾಡುತ್ತಾನೆ. ಅದೇ ವಾರ ಶಾಲೆಯಿಂದ ಒಂದು ಕಾಗದ ಬಂದಿತ್ತು. ಸಿಬಿಎಸ್‌ಇ ಹತ್ತನೆಯ ಪರೀಕ್ಷೆಗೆ ಗಣಿತ ‘ಸ್ಟ್ಯಾಂಡರ್ಡ್’ ಬೇಕೋ, ‘ಬೇಸಿಕ್’ ಬೇಕೋ, ಒಂದಕ್ಕೆ ಗುರುತು ಹಾಕಿ ಪಾಲಕರ ಸಹಿ ಮಾಡಿಸಿ ತರಬೇಕು. ಹುಡುಗಿಗೆ ಚಿತ್ರಕಲೆಯ ಕಡೆ ಮನಸ್ಸು. ಟೀಚರ್ ಹೇಳಿದ್ದಾರಂತೆ: ಸೈನ್ಸ್ ಬೇಡ ಅನ್ನುವುದಾದರೆ ಬೇಸಿಕ್ ಸಾಕು, ನೂರಕ್ಕೆ ನೂರು ಬರುತ್ತದೆ. ಅಕ್ಕನಿಗೆ ನಿದ್ದೆ ಹೋದದ್ದು ಆ ‘ಸಾಕು’ ಎಂಬ ಮಾತಿಗೆ.

ನಾನು ಗಣಿತದವನಲ್ಲ. ಡೊಂಬಿವಲಿಯಲ್ಲಿ ಬೆಳೆದು, ರಾಜ್ಯ ಮಂಡಳಿಯ ಎಸ್‌ಎಸ್‌ಸಿಯಲ್ಲಿ ಗಣಿತವನ್ನು ಹೇಗೋ ದಾಟಿಕೊಂಡವನು. ನಾವು ರೇಖಾಗಣಿತಕ್ಕೆ ಮರಾಠಿಯವರಂತೆ ಭೂಮಿತಿ ಎಂದೇ ಹೇಳುತ್ತಿದ್ದೆವು. ಊರಿಗೆ ಹೋದಾಗ ಚಿಕ್ಕಪ್ಪನ ಮಕ್ಕಳು ನಗುತ್ತಿದ್ದರು. ನನಗಿರುವುದು ಹಳೆಯ ಸಂಗತಿಗಳನ್ನು ಕೆದಕುವ ಚಟ. ಅಕ್ಕನಿಗೆ ಉತ್ತರ ಹೇಳಲು ಹೊರಟವನು ಕೆದಕುತ್ತಾ ಹೋದಂತೆ, ಈ ‘ಸಾಕು’ ಎಂಬುದನ್ನು ನಮ್ಮ ಈ ಪ್ರಾಂತದಲ್ಲಿ ಯಾರ್ಯಾರು ಯಾರ್ಯಾರಿಗೆ ಹೇಳುತ್ತಾ ಬಂದಿದ್ದಾರೆ ಎಂಬುದು ಕಾಣತೊಡಗಿತು.

ಶುರುವಿನಲ್ಲಿ ಗಣಿತ ಸುಲಭವಿರಲೇ ಇಲ್ಲ. ಬ್ರಿಟಿಷರು ಬರುವ ಮೊದಲಿನ ಮರಾಠಿ ಪಂತೋಜಿಯ ಶಾಲೆಯಲ್ಲಿ ಹುಡುಗರು ಬರಿಯ ಮಗ್ಗಿಯಲ್ಲ, ಭಿನ್ನರಾಶಿಯ ಮಗ್ಗಿಗಳನ್ನೂ ಬಾಯಿಪಾಠ ಮಾಡಬೇಕಿತ್ತು. ಕಾಲರದ್ದು ಪಾವಕಿ, ಅರೆಯದ್ದು ನಿಮಕಿ, ಮುಕ್ಕಾಲಿನದ್ದು ಪಾವುಣಕಿ, ಒಂದೂಕಾಲಿನದ್ದು ಸವಾಯಕಿ, ಒಂದೂವರೆಯದ್ದು ದಿಡಕಿ. ಘಟ್ಟದ ಮೇಲಿನ ನಮ್ಮ ಗಾಂವಠಿ ಶಾಲೆಗಳೂ ಇದೇ ಜಾತಿಯವು. ಇಂದಿನ ಹತ್ತನೆಯ ಹುಡುಗ ಹದಿಮೂರು ಒಂದೂಕಾಲು ಎಷ್ಟು ಎಂದರೆ ಫೋನು ಹುಡುಕುತ್ತಾನೆ. ಆಗಿನ ಒಂಬತ್ತು ವರ್ಷದ ಹುಡುಗ ಹಾಡಿನಂತೆ ಹೇಳುತ್ತಿದ್ದ. ಕಷ್ಟದ ಕಲಿಕೆ, ಸಂದೇಹವಿಲ್ಲ. ಆದರೆ ಅದರಲ್ಲಿ ‘ಯಾಕೆ’ ಎಂಬ ಪ್ರಶ್ನೆಗೆ ಜಾಗವಿರಲಿಲ್ಲ. ಸವಾಯಕಿ ಯಾಕೆ ಹಾಗಿದೆ ಎಂದು ಕೇಳಿದವನಿಗೆ ಸಿಗುತ್ತಿದ್ದದ್ದು ಪಂತೋಜಿಯ ಬೆತ್ತ.

1857ರಲ್ಲಿ ಮುಂಬೈ ವಿಶ್ವವಿದ್ಯಾಲಯ ಆಯಿತು, 1859ರಲ್ಲಿ ಮೊದಲ ಮೆಟ್ರಿಕ್ ಪರೀಕ್ಷೆ. ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಭಾಂಡಾರ್ಕರ್ ಇಬ್ಬರೂ ಆ ಮೊದಲ ತಂಡದಲ್ಲಿ ತೇರ್ಗಡೆಯಾದವರು. ಠಾಣೆ, ಕಲ್ಯಾಣದ ಹುಡುಗರು ಮಾತ್ರವಲ್ಲ, ಧಾರವಾಡ, ಬೆಳಗಾವಿ, ವಿಜಾಪುರದವರೂ, 1862ರಲ್ಲಿ ಮದ್ರಾಸಿನಿಂದ ಮುಂಬೈಗೆ ಸೇರಿದ ಉತ್ತರ ಕನ್ನಡದವರೂ ಇದೇ ಮೆಟ್ರಿಕ್ ದಾಟಬೇಕು. ಅಂದರೆ ನಮ್ಮ ಅಜ್ಜ–ಮುತ್ತಜ್ಜಂದಿರಲ್ಲಿ ಅನೇಕರ ಗಣಿತದ ಹೆದರಿಕೆ ಹುಟ್ಟಿದ್ದು ಕೂಡ ಮುಂಬೈಯಲ್ಲೇ.

ಯೂಕ್ಲಿಡ್ ಇದ್ದುದು ಆ ಕಾಲದ ಗಣಿತದಲ್ಲಿ. ಎಂಥ ಪುಸ್ತಕ ಅದು! ಒಂದು ಮಾತನ್ನೂ ಕಾರಣ ಕೊಡದೆ ಹೇಳಕೂಡದು ಎಂದು ಪಟ್ಟು ಹಿಡಿದ ಪುಸ್ತಕ. ‘ಯಾಕೆ’ ಎಂಬ ಪ್ರಶ್ನೆಯೇ ಅದರ ಉಸಿರು. ನಮ್ಮ ಹುಡುಗರು ಅದನ್ನೇನು ಮಾಡಿದರು? ಪಾವಕಿ–ನಿಮಕಿಯ ಹಾಗೆ ಬಾಯಿಪಾಠ ಮಾಡಿದರು. ಮೆಟ್ರಿಕ್‌ವರೆಗೆ ಓದಿದ ನನ್ನ ಅಜ್ಜ ಎಂಬತ್ತನೆಯ ವಯಸ್ಸಿನಲ್ಲೂ ಒಂದು ಪ್ರಮೇಯವನ್ನು ಇಂಗ್ಲಿಷಿನಲ್ಲಿ ಒಂದಕ್ಷರ ತಪ್ಪದೆ ಹೇಳುತ್ತಿದ್ದರು. ಚಿತ್ರ ಬರೆದು ತೋರಿಸಿ ಎಂದರೆ, ‘ಚಿತ್ರ ಬೇರೆ ಪ್ರಶ್ನೆಗೆ ಬರ್ತದೆ’ ಎನ್ನುತ್ತಿದ್ದರು. ಗಟ್ಟಿಯಾದ ಗಣಿತವನ್ನು ಬರೀ ಕಷ್ಟದ ಗಣಿತವಾಗಿ ಮಾಡಿಬಿಡುವುದು ನಮಗೆ ಹಳೆಯ ವಿದ್ಯೆ.

ಇಷ್ಟು ಹೊತ್ತು ಹೇಳಿದ್ದು ಹುಡುಗರ ಕತೆ. ‘ಇಷ್ಟು ಸಾಕು’ ಎಂಬ ಮಾತನ್ನು ಗಟ್ಟಿಯಾಗಿ, ಬರಹದಲ್ಲಿ, ವಾದ ಮಂಡಿಸಿ ಹೇಳಿದ್ದು ಹುಡುಗಿಯರ ವಿಷಯದಲ್ಲಿ. 1884ರಲ್ಲಿ ಪುಣೆಯಲ್ಲಿ ಹುಡುಗಿಯರ ಹೈಸ್ಕೂಲು ತೆರೆದಾಗ ಅಲ್ಲಿ ಏನು ಕಲಿಸಬೇಕೆಂಬುದರ ಮೇಲೆ ದೊಡ್ಡ ಜಗಳವಾಯಿತು. ಹುಡುಗರಿಗೆ ಕಲಿಸಿದ್ದನ್ನೇ ಹುಡುಗಿಯರಿಗೆ ಕಲಿಸಬಾರದು ಎಂದವರ ಮುಂಚೂಣಿಯಲ್ಲಿ ತಿಲಕರ ಪತ್ರಿಕೆಗಳಿದ್ದವು. ಆ ತಿಲಕರು ಸ್ವತಃ ಗಣಿತ ಕಲಿಸಿದವರು.

ಇನ್ನೊಬ್ಬ ಗಣಿತದ ಮೇಷ್ಟ್ರು ಧೋಂಡೊ ಕೇಶವ ಕರ್ವೆ. 1891ರಿಂದ 1914ರವರೆಗೆ ಫರ್ಗುಸನ್ ಕಾಲೇಜಿನಲ್ಲಿ ಗಣಿತ ಹೇಳಿ, 1916ರಲ್ಲಿ ಭಾರತದ ಮೊದಲ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದರು. ಕರ್ವೆಯವರ ಉದ್ದೇಶದಲ್ಲಿ ಕೊಂಕಿಲ್ಲ. ಮಾತೃಭಾಷೆಯಲ್ಲಿ ಉನ್ನತ ಶಿಕ್ಷಣ ಎಂಬ ಮಾತನ್ನು ಅಷ್ಟು ಮೊದಲು ನಡೆಸಿ ತೋರಿಸಿದವರು ಬೇರೆ ಯಾರಿದ್ದಾರೆ? ಆದರೆ ಅವರು ಹೆಣ್ಣುಮಕ್ಕಳಿಗೆ ಗೃಹವಿಜ್ಞಾನ, ಆರೋಗ್ಯಶಾಸ್ತ್ರಗಳಿದ್ದ ಬೇರೆಯದೇ ಪಠ್ಯಕ್ರಮವನ್ನು ಆರಿಸಿದರು. ಬೇರೆ ದಾರಿಯ ತೊಂದರೆ ಇರುವುದು ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದರಲ್ಲಿ. ಇಂದು ನಾವು ಎಸ್‌ಎನ್‌ಡಿಟಿ ಎಂದು ಕರೆಯುವ ಆ ವಿಶ್ವವಿದ್ಯಾಲಯಕ್ಕೆ ಶಾಸನಬದ್ಧ ಮಾನ್ಯತೆ ಸಿಕ್ಕಿದ್ದು 1951ರಲ್ಲಿ. ಮೂವತ್ತೈದು ವರ್ಷ!

ಅದೇ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಹಂಸಾ ಮೆಹ್ತಾ 1962ರಲ್ಲಿ ಒಂದು ಸಮಿತಿಯ ಅಧ್ಯಕ್ಷರಾದರು. ಹುಡುಗ ಹುಡುಗಿಯರ ಪಠ್ಯಕ್ರಮ ಬೇರೆ ಇರಬೇಕೇ ಎಂಬುದು ಅದರ ಮುಂದಿದ್ದ ಪ್ರಶ್ನೆ. ಬೇಡ ಎಂದಿತು ಸಮಿತಿ. 1964–66ರ ಕೊಠಾರಿ ಆಯೋಗ ಆ ಮಾತನ್ನು ಎತ್ತಿಹಿಡಿದು, ಮೊದಲ ಹತ್ತು ವರ್ಷ ಗಣಿತ ಎಲ್ಲರಿಗೂ ಕಡ್ಡಾಯ ಎಂದಿತು. ಅಕ್ಕನ ಮಗಳ ಮುಂದೆ ಒಂದು ಆಯ್ಕೆಯಾದರೂ ಇದೆ ಎಂಬುದಕ್ಕೆ ಈ ಎರಡು ವರದಿಗಳ ಋಣವಿದೆ. ಅದಕ್ಕೂ ಹಿಂದಿನವರಿಗೆ ಆಯ್ಕೆಯನ್ನು ಮನೆಯವರೇ ಮಾಡಿಬಿಡುತ್ತಿದ್ದರು.

ಆದರೆ ಎಲ್ಲರಿಗೂ ಕಡ್ಡಾಯ ಎಂದ ಮೇಲೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬಂತು: ಎಲ್ಲರೂ ಪಾಸಾಗಬೇಕಲ್ಲ?

1966ರ ಜನವರಿಯಲ್ಲಿ ಮಹಾರಾಷ್ಟ್ರ ರಾಜ್ಯ ಮಂಡಳಿ ಶುರುವಾಯಿತು, 1967ರಲ್ಲಿ ಪುಣೆಯಲ್ಲಿ ಪಠ್ಯಪುಸ್ತಕ ತಯಾರಿಸುವ ಬಾಲಭಾರತಿ. ಅದು ಕನ್ನಡದಲ್ಲೂ ಪುಸ್ತಕ ಮಾಡುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಹಳ್ಳಿಯ ಮಕ್ಕಳು, ಮುಂಬೈ–ಠಾಣೆ ಕಡೆಯ ಕನ್ನಡ ಶಾಲೆಗಳ ಮಕ್ಕಳು ಓದುವುದು ಅವನ್ನೇ. 1975ರಲ್ಲಿ ಹನ್ನೊಂದು ವರ್ಷದ ಎಸ್‌ಎಸ್‌ಸಿ ಹೋಗಿ ಹತ್ತು ವರ್ಷದ್ದು ಬಂತು. ಗಣಿತವೆಂದರೆ ಬೀಜಗಣಿತ ಒಂದು ಪತ್ರಿಕೆ, ಭೂಮಿತಿ ಇನ್ನೊಂದು. ಪಾಸಾಗಲು ನೂರಕ್ಕೆ 35.

ಆ 35 ಎಷ್ಟು ಜನರ ಆಯುಷ್ಯವನ್ನು ನುಂಗಿತು ಎಂಬುದನ್ನು ನೋಡಬೇಕಾದರೆ ಮುಂಬೈಯ ಕನ್ನಡ ರಾತ್ರಿಶಾಲೆಗಳಿಗೆ ಹೋಗಬೇಕಿತ್ತು. ಮೊಗವೀರ ರಾತ್ರಿ ಹೈಸ್ಕೂಲು, ಗುರುನಾರಾಯಣ ರಾತ್ರಿ ಹೈಸ್ಕೂಲು ಮೊದಲಾದವು ಊರಿನಿಂದ ಹೋಟೆಲು, ಕ್ಯಾಂಟೀನುಗಳ ಕೆಲಸಕ್ಕೆ ಬಂದ ಹುಡುಗರನ್ನು ಓದಿಸಿದವು. ಹಗಲೆಲ್ಲ ಟೇಬಲಿನಿಂದ ಟೇಬಲಿಗೆ ಓಡಿ, ಎರಡು ಇಡ್ಲಿ ಒಂದು ವಡೆ ಮೂರು ಚಹಾ ಎಂದು ಮನಸ್ಸಿನಲ್ಲೇ ಕೂಡಿಸಿ ಬಿಲ್ಲು ಕೂಗಿದ ಹುಡುಗ ಸಂಜೆ ಏಳಕ್ಕೆ ಬೆಂಚಿನಲ್ಲಿ ಕೂತು ‘ಎಕ್ಸ್’ ಎಂದರೆ ಏನು ಎಂದು ಕಣ್ಣುಜ್ಜಿಕೊಳ್ಳುತ್ತಿದ್ದ. ಗಣಿತ ಅವನಿಗೆ ಬರುತ್ತಿರಲಿಲ್ಲವೇ? ಬರುತ್ತಿದ್ದುದನ್ನು ಪರೀಕ್ಷೆ ಕೇಳುತ್ತಿರಲಿಲ್ಲ. ಡೊಂಬಿವಲಿಯ ನಮ್ಮ ಚಾಳಿನಲ್ಲೇ ಒಬ್ಬರಿದ್ದರು. ಎಲ್ಲದರಲ್ಲಿ ಪಾಸು, ಗಣಿತದಲ್ಲಿ ಮೂರು ಸಲ ಫೇಲು. ನಂತರ 17 ನಂಬರಿನ ಫಾರ್ಮು ತುಂಬಿ ಖಾಸಗಿಯಾಗಿ ಕೂತರೂ ಆಗಲಿಲ್ಲ. ಕೊನೆಗೆ ಸ್ವಂತ ಹೋಟೆಲು ಮಾಡಿದರು. ಮೂರು ಮಂದಿ ಪಾಲುದಾರರ ಲೆಕ್ಕವನ್ನು ಪೈಸೆ ತಪ್ಪದೆ ಅವರೇ ಇಡುತ್ತಿದ್ದರು.

ಇಂಥವರಿಗಾಗಿ ಬಂದದ್ದು ‘ಸಾಮಾನ್ಯ ಗಣಿತ’. ಈ ಶತಮಾನದ ಮೊದಲ ಎರಡು ದಶಕಗಳ ನಡುವೆ ಕೆಲವು ವರ್ಷ ಮಹಾರಾಷ್ಟ್ರದ ಒಂಬತ್ತು, ಹತ್ತನೆಯವರು ಬೀಜಗಣಿತ–ಭೂಮಿತಿಯ ಬದಲು ಇದನ್ನು ತೆಗೆದುಕೊಳ್ಳಬಹುದಿತ್ತು. ಒಳ್ಳೆಯ ಮನಸ್ಸಿನಿಂದಲೇ ತಂದದ್ದು. ಆದರೆ ಸಾಮಾನ್ಯ ಗಣಿತದವನಿಗೆ ಹನ್ನೊಂದನೆಯಲ್ಲಿ ಗಣಿತವಿರುವ ವಿಜ್ಞಾನ ವಿಭಾಗದ ಬಾಗಿಲು ಮುಚ್ಚಿತ್ತು. ಹದಿನಾಲ್ಕರ ವಯಸ್ಸಿನಲ್ಲಿ, ಒಂಬತ್ತನೆಯ ತರಗತಿಯ ಜೂನ್ ತಿಂಗಳಲ್ಲಿ, ಮಗು ‘ನನಗೆ ಇಷ್ಟು ಸಾಕು’ ಎಂದು ಬರೆದುಕೊಡಬೇಕು. ಹದಿನಾರಕ್ಕೆ ಮನಸ್ಸು ಬದಲಾದರೆ ಹಿಂದಿರುಗುವ ದಾರಿ ಇಲ್ಲ. 2017–18ರಲ್ಲಿ ಒಂಬತ್ತನೆಗೆ, ಮರುವರ್ಷ ಹತ್ತನೆಗೆ ಮಂಡಳಿ ಅದನ್ನು ನಿಲ್ಲಿಸಿತು.

ವಿಚಿತ್ರ ನೋಡಿ, ಅದೇ 2017ರಲ್ಲಿ ಮುಂಬೈ ಹೈಕೋರ್ಟು ತದ್ವಿರುದ್ಧವಾದ ಪ್ರಶ್ನೆ ಕೇಳಿತು. ಕಲಿಕೆಯ ತೊಡಕಿರುವ ಮಕ್ಕಳ ಬಗ್ಗೆ ಮನೋವೈದ್ಯ ಡಾ. ಹರೀಶ್ ಶೆಟ್ಟಿಯವರ ಅರ್ಜಿಯ ವಿಚಾರಣೆ ನಡೆಯುತ್ತಿತ್ತು. ಗಣಿತದ ಕಾರಣಕ್ಕೆ ಓದು ಬಿಡುವ ಮಕ್ಕಳು ಅಷ್ಟಿರುವಾಗ ಎಸ್‌ಎಸ್‌ಸಿಯಲ್ಲಿ ಅದನ್ನು ಐಚ್ಛಿಕ ಮಾಡಬಾರದೇಕೆ ಎಂದು ನ್ಯಾಯಮೂರ್ತಿಗಳು ಮಂಡಳಿಯನ್ನು ವಿಚಾರಿಸಿದರು. ಒಂದು ಕಡೆ ಸುಲಭ ಗಣಿತ ಮಕ್ಕಳ ದಾರಿ ಮುಚ್ಚುತ್ತದೆಂದು ತೆಗೆಯುವ ಮಂಡಳಿ. ಇನ್ನೊಂದು ಕಡೆ ಗಣಿತವೇ ದಾರಿ ಮುಚ್ಚುತ್ತದಲ್ಲ ಎನ್ನುವ ನ್ಯಾಯಾಲಯ. ಇಬ್ಬರ ಮಾತೂ ಸರಿ, ಅದೇ ಕಷ್ಟ. ಕಲಿಕೆಯ ತೊಡಕಿರುವ ಮಕ್ಕಳಿಗೆ ಏಳನೆಯ ಮಟ್ಟದ ಅಂಕಗಣಿತ ಬರೆಯುವ ಅನುಕೂಲವನ್ನು ಮಹಾರಾಷ್ಟ್ರ ಮೊದಲೇ ಕೊಟ್ಟಿತ್ತು. ಅದು ನ್ಯಾಯವಾದದ್ದು, ಅದನ್ನು ಈ ಚರ್ಚೆಗೆ ಎಳೆಯಬಾರದು ಎಂದು ನನ್ನ ಅಭಿಪ್ರಾಯ.

ಆಮೇಲಿನದ್ದು ನಿಮಗೆ ಗೊತ್ತಿರಬಹುದು. 2019ರ ಜನವರಿಯಲ್ಲಿ ಸಿಬಿಎಸ್‌ಇ ಎರಡು ಮಟ್ಟದ ಗಣಿತವನ್ನು ಪ್ರಕಟಿಸಿತು. 2020ರ ಪರೀಕ್ಷೆಯಿಂದ ಜಾರಿ. ಪಠ್ಯ ಒಂದೇ, ತರಗತಿ ಒಂದೇ, ಬೇರೆಯಾಗುವುದು ಪ್ರಶ್ನೆಪತ್ರಿಕೆ ಮಾತ್ರ. ಬೇಸಿಕ್ ಬರೆದವರು ಹನ್ನೊಂದರಲ್ಲಿ ಗಣಿತ ತೆಗೆದುಕೊಳ್ಳುವಂತಿಲ್ಲ, ಬೇಕಾದರೆ ಕಂಪಾರ್ಟ್‌ಮೆಂಟ್ ಪರೀಕ್ಷೆಯಲ್ಲಿ ಸ್ಟ್ಯಾಂಡರ್ಡ್ ಬರೆಯಬೇಕು ಎಂಬ ನಿಯಮವಿತ್ತು. ಕೋವಿಡ್ ಬಂದಾಗ ಸಡಿಲಿಸಿದರು, ಆಮೇಲೂ ಸಡಿಲಿಸಿದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಗಣಿತದಿಂದ ಶುರುಮಾಡಿ ಎಲ್ಲ ವಿಷಯಗಳನ್ನೂ ಎರಡು ಮಟ್ಟದಲ್ಲಿ ಕೊಡಬಹುದು ಎನ್ನುತ್ತದೆ. 2024ರಲ್ಲಿ ಮಹಾರಾಷ್ಟ್ರದ ಹೊಸ ಪಠ್ಯಕ್ರಮ ಚೌಕಟ್ಟಿನಲ್ಲಿ ಇನ್ನೊಂದು ಸಲಹೆ ಬಂತು: ಗಣಿತ–ವಿಜ್ಞಾನದಲ್ಲಿ 35ರ ಬದಲು 20 ಬಂದರೂ ಮುಂದೆ ಹೋಗಲಿ, ಆದರೆ ಆ ವಿಷಯಗಳನ್ನು ಮುಂದೆ ಓದುವಂತಿಲ್ಲ ಎಂದು ಅಂಕಪಟ್ಟಿಯಲ್ಲಿ ಷರಾ ಬರೆಯಲಿ. ಅದೇ ಬಾಗಿಲು, ಅದೇ ಬೀಗ. ಈ ಸಲ ಬೀಗದ ಮೇಲೆ ಹೆಸರೂ ಬರೆದಿದೆ.

ಈ ಬೀಗ ಬೇಕಿಲ್ಲದ ದಾರಿಯನ್ನು ನಮ್ಮ ಪಕ್ಕದಲ್ಲೇ ಹುಡುಕಿದವರೂ ಇದ್ದಾರೆ. ವಾಶಿಯ ಸೇತುವೆಯ ಆಚೆ, ಮಾನಖುರ್ದಿನಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವಿದೆ. 1974ರಲ್ಲಿ ಶುರುವಾದದ್ದು, ಮೊದಲಿಗೆ ನಾನಾ ಚೌಕದ ಒಂದು ಮುನ್ಸಿಪಲ್ ಶಾಲೆಯಲ್ಲಿತ್ತು. ಅಲ್ಲಿಯ ವಿ. ಜಿ. ಕುಲಕರ್ಣಿ, ಎಸ್. ಸಿ. ಆಗರ್ಕರ್ ಮೊದಲಾದವರು 1980ರ ದಶಕದಲ್ಲಿ ಮುಂಬೈಯ ಮುನ್ಸಿಪಲ್ ಶಾಲೆಗಳ ಪರಿಶಿಷ್ಟ ಜಾತಿಯ ಮಕ್ಕಳ ಜೊತೆ ಕೆಲಸ ಮಾಡಿದರು. ಪಠ್ಯವನ್ನು ಇಳಿಸಲಿಲ್ಲ. ಮಕ್ಕಳ ಮಾತು ಯಾವುದು, ಪುಸ್ತಕದ ಮಾತು ಯಾವುದು ಎಂದು ನೋಡಿ ಭಾಷೆಯ ತೊಡಕು ಬಿಡಿಸಿದರು, ಪ್ರಶ್ನೆ ಕೇಳಲು ಬಿಟ್ಟರು. ದಡ್ಡರು ಎನಿಸಿಕೊಂಡಿದ್ದ ಮಕ್ಕಳು ಎಸ್‌ಎಸ್‌ಸಿಯಲ್ಲಿ ಚೆನ್ನಾಗಿ ಬಂದರು. ರಾತ್ರಿಶಾಲೆಯ ನಮ್ಮ ಹುಡುಗನಿಗೂ ಬೇಕಿದ್ದದ್ದು ಇದೇ ಇರಬೇಕು. ಪಾಠ ತೆಳುವಾಗುವುದು ಬೇಡವಾಗಿತ್ತು, ಬಿಲ್ಲಿನ ಲೆಕ್ಕಕ್ಕೂ ‘ಎಕ್ಸ್’ಗೂ ನಡುವೆ ಒಂದು ಕಾಲುಸಂಕ ಬೇಕಿತ್ತು.

ವ್ಯವಹಾರದ ಲೆಕ್ಕ ಎಂದರೆ ಕಡಿಮೆ ದರ್ಜೆಯದ್ದು ಎಂಬ ಭಾವನೆ ನಮಗೆ ಎಲ್ಲಿಂದ ಬಂತೋ. ಠಾಣೆಯ ಯೇವೂರಿನ ಕಾಡು ದಾಟಿದರೆ ಕಾನ್ಹೇರಿ ಗುಹೆಗಳು. ಅಲ್ಲಿ ಒಂಬತ್ತನೆಯ ಶತಮಾನದ ಶಾಸನಗಳಿವೆ. ನಮ್ಮ ರಾಷ್ಟ್ರಕೂಟ ಅಮೋಘವರ್ಷನ ಹೆಸರು, ಅವನ ಕೈಕೆಳಗೆ ಕೊಂಕಣ ಆಳುತ್ತಿದ್ದ ಶಿಲಾಹಾರರ ಹೆಸರು, ಮತ್ತು ಭಿಕ್ಷುಗಳಿಗೆ ಬಿಟ್ಟ ದ್ರಮ್ಮ ನಾಣ್ಯಗಳ ಶಾಶ್ವತ ದತ್ತಿ. ಅಸಲು ಮುಟ್ಟದೆ ಬಡ್ಡಿಯಿಂದ ನಡೆಯಬೇಕಾದ ದತ್ತಿ ಎಂದರೆ ಅದು ಗಣಿತವೇ. ಅದೇ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಬಡ್ಡಿ, ಪಾಲು, ಮಿಶ್ರಣದ ಲೆಕ್ಕಗಳಿಗೆ ಸಣ್ಣ ಸ್ಥಾನವಿಲ್ಲ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದ ಮೊದಲ ಗಣಿತಗ್ರಂಥ ಬರೆದಾಗ ಇಟ್ಟ ಹೆಸರೇ ‘ವ್ಯವಹಾರಗಣಿತ’. ಇಂದಿನ ಮಂಡಳಿಯ ಭಾಷೆಯಲ್ಲಿ ಹೇಳುವುದಾದರೆ ಕನ್ನಡದ ಗಣಿತ ಹುಟ್ಟಿದ್ದೇ ಬೇಸಿಕ್ ವಿಭಾಗದಲ್ಲಿ. ಬೇಕಾದರೆ ಐಟಿಐಯಲ್ಲಿ ಟರ್ನರ್ ಕಲಿಯುವವನನ್ನು ಕೇಳಿ. ಲೇತಿನಲ್ಲಿ ಒಂದು ಕಬ್ಬಿಣದ ತುಂಡನ್ನು ಓರೆಯಾಗಿ ಕಡೆಯಬೇಕಾದರೆ ಎರಡು ವ್ಯಾಸಗಳ ವ್ಯತ್ಯಾಸವನ್ನು ಉದ್ದದ ಎರಡರಷ್ಟರಿಂದ ಭಾಗಿಸಿ, ಆ ಟ್ಯಾನ್ ಬೆಲೆಗೆ ಯಾವ ಕೋನ ಎಂದು ಅವನು ನೋಡಲೇಬೇಕು. ತಪ್ಪಿದರೆ ಅಂಕ ಹೋಗುವುದಿಲ್ಲ, ತುಂಡೇ ಹೋಗುತ್ತದೆ.

ಇಷ್ಟೆಲ್ಲ ಓದಿಕೊಂಡು ಒಂದು ಭಾನುವಾರ ನೆರೂಳಿಗೆ ಹೋದೆ. ಅಕ್ಕ ನೀರುದೋಸೆ ಮಾಡುತ್ತಿದ್ದಳು. ಹುಡುಗಿ ನನ್ನ ಇತಿಹಾಸವನ್ನು ಎರಡು ದೋಸೆ ಮುಗಿಯುವವರೆಗೆ ಸಹಿಸಿಕೊಂಡು, ‘ಮಾಮ, ಇದರಲ್ಲಿ ಗಣಿತ ಎಲ್ಲಿದೆ?’ ಎಂದಳು. ಒಪ್ಪಬೇಕಾದ ಮಾತು.

ಹಾಗಾಗಿ ಅವಳಿಗೆ ಕಾಪ್ರೇಕರರ ಕತೆ ಹೇಳಿದೆ. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಹುಟ್ಟಿದ್ದು 1905ರಲ್ಲಿ, ಆಗ ಠಾಣೆ ಜಿಲ್ಲೆಯಲ್ಲಿದ್ದ ಡಹಾಣೂವಿನಲ್ಲಿ. ಹೈಸ್ಕೂಲು ಓದಿದ್ದು ಠಾಣೆಯಲ್ಲಿ. ಮುಂದೆ ಫರ್ಗುಸನ್ ಕಾಲೇಜು, 1929ರಲ್ಲಿ ಬಿಎಸ್‌ಸಿ, 1930ರಿಂದ 1962ರವರೆಗೆ ನಾಸಿಕದ ಹತ್ತಿರ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರು. ಎಂಎ ಮಾಡಲಿಲ್ಲ, ಪಿಎಚ್‌ಡಿ ಮಾಡಲಿಲ್ಲ. ಅಂಕೆಗಳ ಜೊತೆ ಆಡುತ್ತಾ ಕೂತರು. ನಮ್ಮಲ್ಲಿ ಅನೇಕ ಪಂಡಿತರು ಅದನ್ನು ಗಣಿತವೆಂದೇ ಎಣಿಸಲಿಲ್ಲ. ತೀರಾ ಸುಲಭ, ಹುಡುಗಾಟ. 1975ರ ಮಾರ್ಚಿನಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ‘ಸೈಂಟಿಫಿಕ್ ಅಮೆರಿಕನ್’ನಲ್ಲಿ ಬರೆದ ಮೇಲೆ ಲೋಕಕ್ಕೆ ಅವರ ಹೆಸರು ತಿಳಿಯಿತು.

‘ಯಾವುದಾದರೂ ನಾಲ್ಕು ಅಂಕೆಯ ಸಂಖ್ಯೆ ಹೇಳು. ನಾಲ್ಕೂ ಒಂದೇ ಇರಬಾರದು.’

‘ನೀವೇ ಹೇಳಿ.’

ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಬಂದ ವರ್ಷ ಹೇಳಿದೆ, 1853. ಅಂಕೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸು, 8531. ಚಿಕ್ಕದರಿಂದ ದೊಡ್ಡದಕ್ಕೆ, 1358. ಕಳೆ. 7173 ಬಂತು. ಮತ್ತೆ ಹಾಗೇ ಮಾಡು: 7731ರಲ್ಲಿ 1377 ಕಳೆದರೆ 6354. 6543ರಲ್ಲಿ 3456 ಕಳೆದರೆ 3087. 8730ರಲ್ಲಿ 0378 ಕಳೆದರೆ 8352. 8532ರಲ್ಲಿ 2358 ಕಳೆದರೆ 6174. ಇನ್ನೊಮ್ಮೆ ಮಾಡು ಎಂದೆ. 7641ರಲ್ಲಿ 1467 ಕಳೆದಳು. 6174. ಅಲ್ಲೇ ನಿಂತಿತು.

ಅವಳು ಹುಟ್ಟಿದ ವರ್ಷ ಹಾಕಿ ನೋಡಿದಳು, ಅಪ್ಪನ ಬೈಕಿನ ನಂಬರು ಹಾಕಿ ನೋಡಿದಳು. ಅಲ್ಲಿಗೇ ಬಂತು. ಯಾವುದೇ ಸಂಖ್ಯೆ ತೆಗೆದುಕೊಂಡರೂ ಏಳು ಹೆಜ್ಜೆಯೊಳಗೆ 6174. ಮೂರನೆಯ ತರಗತಿಯ ಕಳೆಯುವ ಲೆಕ್ಕ ಬಿಟ್ಟರೆ ಇದರಲ್ಲಿ ಬೇರೇನೂ ಇಲ್ಲ.

‘ಯಾವಾಗಲೂ ಬರುತ್ತದೆ ಎಂದು ಹೇಗೆ ಗೊತ್ತು?’ ಎಂದು ಕೇಳಿದೆ.

‘ಎಲ್ಲ ಮಾಡಿ ನೋಡಬೇಕು.’

‘ಎಷ್ಟು ಇವೆ?’

ಸೊನ್ನೆಯಿಂದ ಶುರುವಾಗುವುದೂ ಸೇರಿ ಹತ್ತು ಸಾವಿರ. ನಾಲ್ಕೂ ಒಂದೇ ಇರುವ ಹತ್ತು ಬಿಟ್ಟರೆ 9990. ಅವಳು ಪೆನ್ಸಿಲ್ ಕೆಳಗಿಟ್ಟಳು.

ಅವಳ ಆ ‘ಸುಲಭ’ ತರಗತಿಯ ಬೀಜಗಣಿತ ಉಪಯೋಗಕ್ಕೆ ಬಂದದ್ದು ಆಗ. ಅಂಕೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಎ, ಬಿ, ಸಿ, ಡಿ ಎಂದಿಟ್ಟುಕೋ ಎಂದೆ. ಸಾವಿರ ಎ, ನೂರು ಬಿ, ಹತ್ತು ಸಿ, ಒಂದು ಡಿ. ತಿರುಗಿಸಿ ಬರೆದು ಕಳೆ. ಅವಳೇ ಬರೆದಳು: 999 ಸಲ (ಎ–ಡಿ), ಅದಕ್ಕೆ 90 ಸಲ (ಬಿ–ಸಿ) ಕೂಡಿಸು. ಸ್ವಲ್ಪ ಹೊತ್ತು ಸುಮ್ಮನೆ ಆ ಸಾಲನ್ನೇ ನೋಡುತ್ತಾ ಕೂತಳು. ನಾನು ಮಾತಾಡಲಿಲ್ಲ. ಒಲೆಯ ಮೇಲೆ ದೋಸೆಯ ಕಾವಲಿ ಚುಯ್ ಎನ್ನುತ್ತಿತ್ತು.

‘ಹಾಗಾದರೆ ಸಂಖ್ಯೆ ಯಾವುದಾದರೂ ಆಗಲಿ,’ ಎಂದಳು ನಿಧಾನವಾಗಿ, ‘ಈ ಎರಡು ವ್ಯತ್ಯಾಸ ಮಾತ್ರ ನೋಡಿದರೆ ಸಾಕು.’

ಸಾಕು! ಒಂದು ವಾರದಿಂದ ನನ್ನನ್ನು ಕಾಡುತ್ತಿದ್ದ ಆ ಪದ ಅವಳ ಬಾಯಲ್ಲಿ ಬೇರೆಯದೇ ಅರ್ಥದಲ್ಲಿ ಬಂತು. ಎ–ಡಿ ಒಂದರಿಂದ ಒಂಬತ್ತರವರೆಗೆ ಇರಬಹುದು. ಬಿ–ಸಿ ಸೊನ್ನೆಯಿಂದ ಶುರುವಾಗಿ ಎ–ಡಿಗಿಂತ ಹೆಚ್ಚಾಗುವಂತಿಲ್ಲ. ಒಂದಕ್ಕೆ ಎರಡು ಜೋಡಿ, ಎರಡಕ್ಕೆ ಮೂರು, ಹಾಗೇ ಒಂಬತ್ತಕ್ಕೆ ಹತ್ತು. ಕೂಡಿಸಿದರೆ 54. ಒಂಬತ್ತು ಸಾವಿರದ ಒಂಬೈನೂರ ತೊಂಬತ್ತು ಸಂಖ್ಯೆಗಳು ಐವತ್ತನಾಲ್ಕಕ್ಕೆ ಇಳಿದವು. ಐವತ್ತನಾಲ್ಕನ್ನು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಹುದು. ಮುಗಿಸಿದರೆ ಅದು ಸಾಧನೆ. ಆಮೇಲೆ ಅನುಮಾನಕ್ಕೆ ಜಾಗವಿಲ್ಲ.

ಅಕ್ಕ ಚಟ್ನಿಯ ಪಾತ್ರೆ ಹಿಡಿದುಕೊಂಡು ಬಂದು, ‘ಇದು ಯಾವ ಕ್ಲಾಸಿನ ಪೋರ್ಶನ್?’ ಎಂದಳು.

ಅವಳಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಮಗಳ ಗಣಿತ ಗಟ್ಟಿಯೋ ಅಲ್ಲವೋ ಎಂಬುದು 77ರಲ್ಲಿ ಕಾಣುವುದಿಲ್ಲ, ಬೇಸಿಕ್–ಸ್ಟ್ಯಾಂಡರ್ಡ್ ಎಂಬ ಹೆಸರಿನಲ್ಲೂ ಕಾಣುವುದಿಲ್ಲ. ಠಾಣೆಯ ಕೋಚಿಂಗಿನಲ್ಲಿ ಹನ್ನೊಂದನೆಯ ಲೆಕ್ಕವನ್ನು ಸೂತ್ರ ಹಾಕಿ ಬಿಡಿಸುವ ಹುಡುಗ ನನ್ನ ಅಜ್ಜನ ಯೂಕ್ಲಿಡ್ಡನ್ನೇ ಬೇರೆ ವೇಷದಲ್ಲಿ ಒಪ್ಪಿಸುತ್ತಿರಬಹುದು. ‘ಹೇಗೆ ಗೊತ್ತು?’ ಎಂದು ತರಗತಿಯಲ್ಲಿ ಯಾರಾದರೂ ಕೇಳುತ್ತಾರಾ ಎಂದು ಅವಳನ್ನು ವಿಚಾರಿಸು. ಹುಡುಗಿಯೇ ಉತ್ತರ ಕೊಟ್ಟಳು: ಟೀಚರ್ ಒಳ್ಳೆಯವರು, ಆದರೆ ನಲವತ್ತೆಂಟು ಮಂದಿ ಇದ್ದೇವೆ, ಪೋರ್ಶನ್ ಮುಗಿಸಬೇಕಲ್ಲ.

ಫಾರ್ಮಿನ ವಿಷಯದಲ್ಲಿ ಮಾತ್ರ ನಾನು ಅಡ್ಡಗೋಡೆಯ ಮೇಲೆ ದೀಪ ಇಡಲಿಲ್ಲ. ಸ್ಟ್ಯಾಂಡರ್ಡ್ ಹಾಕಿಸು ಎಂದೆ. ಬೇಸಿಕ್ ಕೀಳು ಎಂದಲ್ಲ. ನಿಯಮ ಒಂದು ವರ್ಷ ಸಡಿಲ, ಇನ್ನೊಂದು ವರ್ಷ ಬಿಗಿ. ಹದಿನೈದರ ಹುಡುಗಿ ತನ್ನ ಕೈಯಾರೆ ಬೀಗ ಹಾಕಿಕೊಳ್ಳುವುದು ಬೇಡ. ಫೇಲಾಗುವ ಭಯವಿರುವ ಮಗುವಾಗಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು, ಹತ್ತನೆಯ ಪಾಸಿನ ಕಾಗದವಿಲ್ಲದೆ ಐಟಿಐಯ ಬಹುಪಾಲು ಟ್ರೇಡುಗಳೂ ಸಿಗದ ಊರಿದು. ಕೊನೆಗೆ ಅವಳು ಸ್ಟ್ಯಾಂಡರ್ಡಿಗೇ ಗುರುತು ಹಾಕಿದಳು. ನನ್ನ ಮಾತಿನಿಂದಲ್ಲ ಎಂದು ಆಮೇಲೆ ತಿಳಿಯಿತು, ಅವಳ ಗೆಳತಿ ಅದನ್ನೇ ಹಾಕಿದ್ದಳಂತೆ.

ಆ ದಿನ ಸಂಜೆ ಡೊಂಬಿವಲಿಗೆ ಹೊರಟು ಠಾಣೆಯಲ್ಲಿ ಗಾಡಿ ಬದಲಿಸುವಾಗ ಫೋನಿಗೆ ಒಂದು ಫೋಟೊ ಬಂತು. ನೋಟುಬುಕ್ಕಿನ ಮೂರು ಪುಟ, ಐವತ್ತನಾಲ್ಕು ಸಾಲು, ಎಲ್ಲದರ ಕೊನೆಗೆ 6174. ಅದರ ಕೆಳಗೆ ಇನ್ನೊಂದು ಸಾಲು. ಎರಡು ಅಂಕೆ ಇಟ್ಟು ನೋಡಿದ್ದಾಳೆ: 9, 81, 63, 27, 45, ಮತ್ತೆ 9. ‘ಮಾಮ, ಇದು ನಿಲ್ಲುವುದೇ ಇಲ್ಲ, ಸುತ್ತುತ್ತಲೇ ಇರುತ್ತದೆ. ಯಾಕೆ?’

ಕಲ್ಯಾಣ ಲೋಕಲ್ ಬಂತು. ನಿಂತುಕೊಂಡೇ ಟಿಕೆಟಿನ ಹಿಂದೆ ಬರೆಯುತ್ತಾ ಬಂದೆ. ದಿವಾ ದಾಟುವವರೆಗೂ ಗೊತ್ತಾಗಲಿಲ್ಲ.